ಮಂಜರಾಬಾದಿನ ಎಲಿಯಟ್

ಹಾಸನದಿಂದ ಪಶ್ಚಿಮಕ್ಕೆ ಹೊರಟ ಪಯಣಿಗನಿಗೆ ಆಲೂರು ದಾಟುತ್ತಿದ್ದಂತೆ ನೆಲದ ರೂಪವೇ ಬದಲಾದಂತೆ ತೋರುತ್ತದೆ. ರಾಗಿಯ ಹೊಲಗಳು ಹಿಂದೆ ಸರಿಯುತ್ತವೆ. ಕಣಿವೆಗಳಲ್ಲಿ ಭತ್ತದ ಗದ್ದೆಗಳು, ಏರುಗಳಲ್ಲಿ ದಟ್ಟವಾದ ಮರಗಳು, ಆ ಮರಗಳ ನೆರಳಿನಲ್ಲಿ ಕಾಫಿಯ ಗಿಡಗಳು ಕಾಣತೊಡಗುತ್ತವೆ. ಹೇಮಾವತಿಯ ದಡದ ಸಕಲೇಶಪುರವನ್ನು ಮುಟ್ಟಿ ಇನ್ನಷ್ಟು ಮುಂದೆ ಹೋದರೆ, ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯೊಂದು ಗುಡ್ಡದ ನೆತ್ತಿಯ ಮೇಲಿದೆ. ಅದೇ ಮಂಜರಾಬಾದ್. ಈ ಸೀಮೆಗೆಲ್ಲ ಬಹುಕಾಲ ಅದೇ ಹೆಸರು ಸಲ್ಲುತ್ತಿತ್ತು.

ಈ ಮಲೆಗಳಿಗೆ 1856ರ ಸುಮಾರಿಗೆ ಸ್ಕಾಟ್ಲೆಂಡಿನಿಂದ ಬಂದ ತರುಣ ರಾಬರ್ಟ್ ಎಲಿಯಟ್. ಅವರು ಜನಿಸಿದ್ದು 1837ರಲ್ಲಿ. ಎಂದರೆ ಇಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತು ತುಂಬಿರಲಿಲ್ಲ. ಬಾಬಾಬುಡನ್ ಗಿರಿಯ ಕಡೆ ಜನರು ತಲೆಮಾರುಗಳಿಂದ ಕಾಫಿ ಬೆಳೆಯುತ್ತಿದ್ದರು. ಯೂರೋಪಿಯನ್ನರು ಆ ಬೆಳೆಗೆ ಕೈಹಾಕಿ ಆಗ ಹೆಚ್ಚು ವರ್ಷಗಳಾಗಿರಲಿಲ್ಲ. ದಕ್ಷಿಣ ಮಂಜರಾಬಾದಿನಲ್ಲಿ ಗ್ರೀನ್ ಎಂಬುವರು 1843ರಲ್ಲಿ ತೋಟ ತೆರೆದಿದ್ದರು. ರೈಲಿನ ಮಾತು ದೂರವಿರಲಿ, ಒಳ್ಳೆಯ ರಸ್ತೆಗಳೂ ಅಪರೂಪವಾಗಿದ್ದ ಕಾಲ ಅದು. ಮಳೆಗಾಲದಲ್ಲಿ ಹಳ್ಳಗಳು ಉಕ್ಕಿದರೆ ಪ್ರಪಂಚದ ಸಂಪರ್ಕವೇ ಕಡಿದು ಹೋಗುತ್ತಿತ್ತು. ಅಂಥ ಕಾಡಿನ ನಡುವೆ ನಿಂತು ಎಲಿಯಟ್ ತೋಟ ಮಾಡಿದರು. ಸುತ್ತಲಿನ ಗೌಡರೊಡನೆ ಬೆರೆತು ಅವರ ಬೇಸಾಯದ ಕ್ರಮಗಳನ್ನು ಗಮನಿಸಿದರು.

ಮೊದಲ ವರ್ಷಗಳು ಭರವಸೆಯವು. ಆದರೆ 1860ರ ದಶಕದ ಉತ್ತರಾರ್ಧದಲ್ಲಿ ಕಾಂಡಕೊರಕ ಹುಳುವಿನ ಹಾವಳಿ ತೋಟಗಳನ್ನು ಮುತ್ತಿತು. ಗಿಡದ ಕಾಂಡದೊಳಗೆ ಸುರಂಗ ಕೊರೆಯುವ ಈ ಹುಳು, ಹೊರಗೆ ಹಸಿರಾಗಿ ಕಾಣುವ ಗಿಡವನ್ನು ಒಳಗಿನಿಂದಲೇ ಕೊಲ್ಲುತ್ತದೆ. ಮೈಸೂರಿನಲ್ಲಿ ಬಹುಕಾಲದಿಂದ ಬೆಳೆದು ಬಂದಿದ್ದ ‘ಚಿಕ್’ ಎಂಬ ತಳಿ ಹೀಗೆ ಕ್ಷೀಣಿಸಿತು. ಅನೇಕರು ತೋಟಗಳನ್ನು ಕಾಡಿಗೆ ಬಿಟ್ಟುಕೊಟ್ಟರು. ಎಲಿಯಟ್ ಬಿಡಲಿಲ್ಲ. ಕೊಡಗಿನ ತಳಿಯನ್ನು ತಂದು ನೆಡುವ ಕೆಲಸ ಆ ಸೀಮೆಯಲ್ಲಿ ಆರಂಭವಾಯಿತು. ನೆರಳಿಲ್ಲದ ತೋಟ ಉಳಿಯಲಾರದೆಂಬುದನ್ನು ಎಲಿಯಟ್ ಮನಗಂಡು, ಅತ್ತಿ, ಬಸರಿ, ಗೋಣಿ ಮೊದಲಾದ ಮರಗಳನ್ನು ಬೆಳೆಸುವ ಬಗೆಯನ್ನು ವಿವರವಾಗಿ ಬರೆದಿಟ್ಟರು. ಈ ಪಾಠವನ್ನು ಸ್ಥಳೀಯ ಬೆಳೆಗಾರರು ಪುಸ್ತಕವಿಲ್ಲದೆಯೇ ಬಲ್ಲವರಾಗಿದ್ದರೆಂಬುದನ್ನು ಇಲ್ಲಿ ನೆನೆಯಬೇಕು.

ಹುಳುವನ್ನು ಕಣ್ಣಿನಿಂದ ಕಾಣಬಹುದು, ಕೈಯಿಂದ ಹಿಡಿಯಬಹುದು. ಆದರೆ ಕಾಫಿಯ ಬೆಳೆಗಾರನ ಬದುಕನ್ನು ಆಳುವ ಇನ್ನೊಂದು ಶಕ್ತಿಯು ತೋಟದ ಬೇಲಿಯ ಆಚೆ, ಏಳು ಸಮುದ್ರಗಳ ಆಚೆ ಇತ್ತು. ಅದು ಬೆಲೆ. ಮಂಜರಾಬಾದಿನ ಕಾಫಿ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಮಂಗಳೂರನ್ನು ಸೇರಿ, ಅಲ್ಲಿಂದ ಹಡಗೇರಿ ಲಂಡನ್ನಿಗೆ ಹೋಗುತ್ತಿತ್ತು. ಅಲ್ಲಿನ ಗೃಹಿಣಿಯು ಬೆಳಗಿನ ಬಟ್ಟಲಿಗೆ ಏನನ್ನು ಹಾಕುವಳೆಂಬುದರ ಮೇಲೆ ಸಕಲೇಶಪುರದ ಕೂಲಿಯಾಳಿನ ವಾರದ ಬಟವಾಡೆ ನಿಂತಿತ್ತು.

ಆ ಗೃಹಿಣಿಯ ಮುಂದೆ ಕಾಫಿಯೊಂದೇ ಇರಲಿಲ್ಲ, ಚಹವೂ ಇತ್ತು. ಒಂದೇ ಬಯಕೆಯನ್ನು ತೀರಿಸಬಲ್ಲ ಇಂಥ ಎರಡು ಪದಾರ್ಥಗಳನ್ನು ಅರ್ಥಶಾಸ್ತ್ರಜ್ಞರು ಬದಲಿ ವಸ್ತುಗಳೆಂದು ಕರೆಯುತ್ತಾರೆ. ಒಂದರ ಬೆಲೆ ಏರಿದರೆ ಇನ್ನೊಂದಕ್ಕೆ ಬೇಡಿಕೆ ಹೆಚ್ಚುತ್ತದೆ. ಒಂದು ಅಗ್ಗವಾದರೆ ಇನ್ನೊಂದನ್ನು ಕೇಳುವವರು ಕಡಿಮೆಯಾಗುತ್ತಾರೆ. ಎಲಿಯಟ್ ಅವರ ಜೀವಿತಕಾಲದಲ್ಲಿ ಈ ನಿಯಮವು ಒಂದು ದೊಡ್ಡ ನಾಟಕದಂತೆಯೇ ನಡೆಯಿತು. 1869ರಲ್ಲಿ ಸಿಂಹಳದ ಕಾಫಿ ತೋಟಗಳಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು. ಎಲೆಗಳು ಕಿತ್ತಳೆ ಬಣ್ಣದ ಪುಡಿ ಹೊತ್ತು ಉದುರಿದವು. ಮುಂದಿನ ಎರಡು ದಶಕಗಳೊಳಗೆ ಆ ದ್ವೀಪದ ಕಾಫಿಯ ವೈಭವವೆಲ್ಲ ಮುಗಿದುಹೋಯಿತು. ಅಳಿದ ಕಾಫಿಯ ಜಾಗದಲ್ಲಿ ಅಲ್ಲಿನವರು ಚಹವನ್ನು ನೆಟ್ಟರು.

ಸಿಂಹಳದ ಕಾಫಿ ಇಲ್ಲವಾದುದರಿಂದ ಉಳಿದವರ ಕಾಫಿಗೆ ಒಳ್ಳೆಯ ಬೆಲೆ ಬರಬೇಕಲ್ಲವೇ? ಕೆಲಕಾಲ ಬಂದಿತು. ಮಂಜರಾಬಾದಿನವರು ಸಂತೋಷಪಟ್ಟಿದ್ದರೆ ತಪ್ಪೇನಿಲ್ಲ. ಆದರೆ ಅದೇ ಸಿಂಹಳದಿಂದ, ಅಸ್ಸಾಮಿನಿಂದ ಅಗ್ಗದ ಚಹ ಲಂಡನ್ನಿಗೆ ಹೊಳೆಯಂತೆ ಹರಿದು ಬರತೊಡಗಿತು. ಬ್ರಿಟಿಷ್ ಸರ್ಕಾರವು ಚಹದ ಮೇಲಿನ ಸುಂಕವನ್ನು ಪೌಂಡು ತೂಕಕ್ಕೆ 1865ರಲ್ಲಿ 6 ಪೆನ್ಸಿಗೂ 1890ರಲ್ಲಿ 4 ಪೆನ್ಸಿಗೂ ಇಳಿಸಿತು. 1850ರಲ್ಲಿ ತಲೆಗೆ ವರ್ಷಕ್ಕೆ ಎರಡು ಪೌಂಡಿಗಿಂತ ಕಡಿಮೆ ಚಹ ಬಳಸುತ್ತಿದ್ದ ಬ್ರಿಟನ್ನಿನ ಜನ 1900ರ ಹೊತ್ತಿಗೆ ಆರು ಪೌಂಡು ಬಳಸುತ್ತಿದ್ದರು. ಅದೇ ಅವಧಿಯಲ್ಲಿ ಕಾಫಿಯ ಬಳಕೆ ತಲೆಗೆ ಒಂದು ಪೌಂಡಿಗಿಂತ ಮೇಲಿದ್ದುದು ಮುಕ್ಕಾಲು ಪೌಂಡಿನಷ್ಟಕ್ಕೆ ಇಳಿಯಿತು. ಕಾಫಿಯ ಗಿಡಕ್ಕೆ ಯಾವ ಅಪರಾಧವೂ ಇರಲಿಲ್ಲ. ಅದರ ನೆರೆಯ ಬಟ್ಟಲು ಅಗ್ಗವಾಗಿತ್ತು, ಅಷ್ಟೆ.

ಇನ್ನೊಂದು ಸ್ಪರ್ಧಿ ಇನ್ನೂ ಸೂಕ್ಷ್ಮವಾದುದು. ಅದು ಚಿಕೋರಿ ಎಂಬ ಗಿಡದ ಬೇರು. ಹುರಿದು ಪುಡಿ ಮಾಡಿದರೆ ಅದು ಕಾಫಿಯ ಪುಡಿಯಂತೆಯೇ ಕಾಣುತ್ತದೆ, ಬಣ್ಣ ಕೊಡುತ್ತದೆ, ಕಹಿಯನ್ನೂ ಕೊಡುತ್ತದೆ. ಬೆಲೆ ಮಾತ್ರ ಕಾಫಿಗಿಂತ ಎಷ್ಟೋ ಕಡಿಮೆ. ಲಂಡನ್ನಿನ ವರ್ತಕರು ಕಾಫಿಯಲ್ಲಿ ಅದನ್ನು ಧಾರಾಳವಾಗಿ ಬೆರೆಸುತ್ತಿದ್ದರು. ಬೆರೆಸಿದ ಪುಡಿಯನ್ನು ಬೆರೆಸಿದ್ದೆಂದು ಹೇಳಿಯೇ ಮಾರಬೇಕೆಂದು ಸರ್ಕಾರ 1850ರ ದಶಕದ ಆರಂಭದಲ್ಲಿ ನಿಯಮ ಮಾಡಬೇಕಾಯಿತು. ಕಾಫಿಯ ಬೆಲೆ ಏರಿದಷ್ಟೂ ಪೊಟ್ಟಣದಲ್ಲಿ ಚಿಕೋರಿಯ ಪಾಲು ಬೆಳೆಯುವುದು ಸಹಜ. ಇದು ನಮಗೂ ಹೊಸದಲ್ಲ. ಇಂದಿಗೂ ನಮ್ಮ ಊರುಗಳ ಕಾಫಿಪುಡಿ ಅಂಗಡಿಯಲ್ಲಿ ನಿಂತವರು ಎಂಬತ್ತು ಇಪ್ಪತ್ತು ಬೇಕೇ, ಅರವತ್ತು ನಲವತ್ತು ಬೇಕೇ ಎಂಬ ಪ್ರಶ್ನೆಗೆ ಕೈಯಲ್ಲಿರುವ ಹಣವನ್ನು ನೋಡಿ ಉತ್ತರ ಹೇಳುವುದುಂಟು. ಹೀಗಿದ್ದರೂ ಚಿಕೋರಿಯನ್ನು ಕೇವಲ ಶತ್ರುವೆನ್ನಲಾಗದು. ಅದರ ಸಹಾಯದಿಂದ ಪುಡಿ ಅಗ್ಗವಾಗಿ, ಕಾಫಿಯನ್ನು ಕುಡಿಯಲಾರದ ಬಡವನೂ ಒಂದು ಲೋಟ ಕುಡಿಯುವಂತಾದರೆ, ಅಷ್ಟರಮಟ್ಟಿಗೆ ಅದು ಕಾಫಿಯ ಜೊತೆಗಾರನೂ ಹೌದು.

ಜೊತೆಯಾಗಿಯೇ ಬಳಸುವ ಪದಾರ್ಥಗಳಿಗೆ ಪೂರಕ ವಸ್ತುಗಳೆಂದು ಹೆಸರು. ಕಾಫಿಗೆ ಹಾಲು, ಸಕ್ಕರೆ, ಬೆಲ್ಲ ಇಂಥವು. ಇವುಗಳಲ್ಲಿ ಬೆಲೆಯ ನಡೆ ತಿರುಗಿಬೀಳುತ್ತದೆ. ಸಕ್ಕರೆ ಅಗ್ಗವಾದರೆ ಕಾಫಿಗೂ ಬೇಡಿಕೆ ಹೆಚ್ಚುತ್ತದೆ. ಬ್ರಿಟನ್ನಿನಲ್ಲಿ 1874ರಲ್ಲಿ ಸಕ್ಕರೆಯ ಸುಂಕ ಪೂರ್ತಿಯಾಗಿ ರದ್ದಾಯಿತು. ಆದರೆ ಸಕ್ಕರೆಗೆ ಕಾಫಿಯ ಮೇಲೆ ವಿಶೇಷ ಪಕ್ಷಪಾತವಿಲ್ಲ. ಅದು ಚಹದ ಬಟ್ಟಲಿನಲ್ಲಿಯೂ ಅಷ್ಟೇ ಸುಲಭವಾಗಿ ಕರಗುತ್ತದೆ. ಇದಕ್ಕೆ ಪ್ರತಿಯಾಗಿ, ಮಂಜರಾಬಾದಿನ ಕಾಡುಗಳಲ್ಲಿ ಕಾಫಿಯ ಪಕ್ಕದಲ್ಲಿಯೇ ಏಲಕ್ಕಿ ಬೆಳೆಯುತ್ತಿತ್ತು. ಒಂದೇ ಮಣ್ಣು, ಒಂದೇ ಮಳೆ, ಒಂದೇ ನೆರಳು. ಆದರೂ ಏಲಕ್ಕಿ ತುಟ್ಟಿಯಾಯಿತೆಂದು ಲಂಡನ್ನಿನಲ್ಲಿ ಯಾರೂ ಕಾಫಿಯನ್ನು ಹೆಚ್ಚಾಗಿ ಕೊಳ್ಳಲಿಲ್ಲ. ಪದಾರ್ಥಗಳ ಬಂಧುತ್ವ ಏರ್ಪಡುವುದು ಕೊಳ್ಳುವವನ ಅಡುಗೆಮನೆಯಲ್ಲಿ, ಅವು ಬೆಳೆಯುವ ತೋಟದಲ್ಲಿ ಅಲ್ಲ.

ಎಲಿಯಟ್ ತಮ್ಮ ಅನುಭವಗಳನ್ನು 1871ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. 1894ರಲ್ಲಿ ಮತ್ತೊಂದು ದೊಡ್ಡ ಗ್ರಂಥ ಬಂದಿತು. ಅದರಲ್ಲಿ ಮೈಸೂರಿನ ಚಿನ್ನ, ಬೇಟೆ, ಕಾಫಿಯ ಕೃಷಿ, ಪ್ರಜಾಪ್ರತಿನಿಧಿ ಸಭೆ, ಬೆಳ್ಳಿಯ ನಾಣ್ಯದ ಪ್ರಶ್ನೆ ಎಲ್ಲವೂ ಸೇರಿದ್ದವು. ಕಾಫಿಯ ಬೆಳೆಗಾರನಿಗೆ ಬೆಳ್ಳಿಯ ಗೊಡವೆ ಏಕೆ? ಬೆಳ್ಳಿ ಅಗ್ಗವಾಗುತ್ತ ಬಂದು, ಹಿಂದೆ 10 ರೂಪಾಯಿಗೆ ಸಮನಾಗಿದ್ದ ಒಂದು ಇಂಗ್ಲಿಷ್ ಪೌಂಡಿಗೆ 1893ರ ಹೊತ್ತಿಗೆ ಸುಮಾರು 16 ರೂಪಾಯಿ ಬರುತ್ತಿತ್ತು. ಪೌಂಡಿನಲ್ಲಿ ಮಾರಿ ರೂಪಾಯಿಯಲ್ಲಿ ಕೂಲಿ ಕೊಡುವವನಿಗೆ ಇದು ಲಾಭ. ಕೂಲಿ ಪಡೆಯುವವನಿಗೆ ಅದರ ಪಾಲು ಎಷ್ಟು ದಕ್ಕಿತೆಂಬ ಪ್ರಶ್ನೆ ಬೇರೆ. ಎಲಿಯಟ್ ಆಳುವ ಜನಾಂಗಕ್ಕೆ ಸೇರಿದವರು, ತೋಟದ ಒಡೆಯರು. ಆ ಕಣ್ಣಿಗೆ ಕಾಣದ್ದು ಹಲವುಂಟು.

1890ರ ದಶಕದ ಕೊನೆಗೆ ಬ್ರೆಜಿಲಿನ ಕಾಫಿ ಮಾರುಕಟ್ಟೆಯನ್ನು ತುಂಬಿ ಬೆಲೆಗಳು ಕುಸಿದವು. ಮಲೆನಾಡಿನ ತೋಟಗಳು ಮತ್ತೆ ಸಂಕಟಕ್ಕೆ ಸಿಕ್ಕಿದವು. ವಿಚಿತ್ರವೆಂದರೆ, ಕಾಫಿ ಇಷ್ಟು ಅಗ್ಗವಾದರೂ ಚಹಕ್ಕೆ ಹೋದ ಬ್ರಿಟನ್ನಿನ ಜನ ಹಿಂತಿರುಗಿ ಬರಲಿಲ್ಲ. ಬೆಲೆ ಅವರನ್ನು ಕರೆದೊಯ್ದಿತ್ತು, ಅಭ್ಯಾಸ ಅವರನ್ನು ಅಲ್ಲಿಯೇ ಉಳಿಸಿಕೊಂಡಿತು.

ಎಲಿಯಟ್ ಅವರ ಗಮನ ಅಷ್ಟರಲ್ಲಿ ಸ್ವದೇಶದ ಕಡೆಗೂ ಹರಿದಿತ್ತು. ಅಮೆರಿಕದ ಅಗ್ಗದ ಗೋಧಿ ಬಂದು ಬ್ರಿಟನ್ನಿನ ಧಾನ್ಯದ ಬೆಲೆ ಬಿದ್ದುಹೋಗಿ, ರೈತರು ಉತ್ತ ಹೊಲಗಳನ್ನು ಹುಲ್ಲುಗಾವಲು ಮಾಡುತ್ತಿದ್ದರು. ಸ್ಕಾಟ್ಲೆಂಡಿನ ತಮ್ಮ ಕ್ಲಿಫ್ಟನ್ ಪಾರ್ಕ್ ಜಮೀನಿನಲ್ಲಿ ಎಲಿಯಟ್ ಹೊಸ ಪ್ರಯೋಗ ನಡೆಸಿದರು. ಆಳವಾಗಿ ಬೇರಿಳಿಸುವ ಗಿಡಗಳನ್ನು ಹುಲ್ಲಿನೊಡನೆ ಬೆರೆಸಿ ಬಿತ್ತಿದರೆ, ಅವು ಗಟ್ಟಿ ನೆಲವನ್ನು ಸೀಳುತ್ತವೆ. ಕೆಲವು ವರ್ಷಗಳ ನಂತರ ಆ ಹುಲ್ಲುಮಣ್ಣನ್ನು ಉತ್ತುಬಿಟ್ಟರೆ ಅದೇ ಗೊಬ್ಬರವಾಗುತ್ತದೆ, ಕೊಂಡು ತರುವ ಗೊಬ್ಬರಕ್ಕೆ ಬದಲಿಯಾಗುತ್ತದೆ. 1898ರಲ್ಲಿ ಈ ಕ್ರಮವನ್ನು ಕುರಿತು ಅವರು ಬರೆದ ಪುಸ್ತಕ, ಅವರು 1914ರಲ್ಲಿ ತೀರಿಕೊಂಡ ಬಹುಕಾಲದ ನಂತರವೂ ಅಚ್ಚಾಯಿತು.

ಆ ಹುಲ್ಲುಗಾವಲಿಗೆಂದು ಅವರು ಆರಿಸಿದ ಬೀಜಗಳ ಮಿಶ್ರಣದಲ್ಲಿ, ನೆಲದಾಳಕ್ಕೆ ಎಲ್ಲಕ್ಕಿಂತ ಬಲವಾಗಿ ಬೇರಿಳಿಸುವ ಗಿಡಗಳಲ್ಲಿ ಒಂದು ಚಿಕೋರಿ.