ವಾಲ್ಡೆಮಾರ್ ಹಾಫ್‌ಕಿನ್ (1860–1930): ಜೀವನ ಪರಿಚಯ

ಬೆಳಗಾವಿಯಿಂದ ಖಾನಾಪುರಕ್ಕೆ ಸಾಗುವ ಮಾರ್ಗದಲ್ಲಿರುವ ಪೀರನವಾಡಿ ಹಾಗೂ ಸುತ್ತಲಿನ ಗ್ರಾಮಗಳು ಹಿಂದೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. 1896ರಲ್ಲಿ ಮುಂಬಯಿ ನಗರದಲ್ಲಿ ಕಾಣಿಸಿಕೊಂಡ ಪ್ಲೇಗ್ ರೋಗವು ಮುಂದಿನ ಎರಡು ವರ್ಷಗಳಲ್ಲಿ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳಿಗೂ ಹರಡಿತು. ಜನರು ಮನೆಮಠಗಳನ್ನು ತೊರೆದು ಊರ ಹೊರಗೆ ಗುಡಿಸಲುಗಳಲ್ಲಿ ವಾಸಿಸಬೇಕಾಯಿತು. ಈ ರೋಗಕ್ಕೆ ಪ್ರಥಮ ಲಸಿಕೆಯನ್ನು ಸಿದ್ಧಪಡಿಸಿದ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಅವರ ಜೀವನ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಹಾಫ್‌ಕಿನ್ ಅವರು 1860ರ ಮಾರ್ಚ್ 15ರಂದು ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸಾ ನಗರದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಒಡೆಸಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಇಲ್ಯಾ ಮೆಚ್ನಿಕೋವ್ ಅವರ ಗುರುಗಳಾಗಿದ್ದರು. ಮೆಚ್ನಿಕೋವ್ ಅವರು 1882ರಲ್ಲಿ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳನ್ನು ಚುಚ್ಚಿ, ಗಾಯದ ಸುತ್ತ ಸಂಚಾರಿ ಜೀವಕೋಶಗಳು ಮುತ್ತಿಕೊಳ್ಳುವುದನ್ನು ಕಂಡರು. ಗಾಯದ ಮೂಲಕ ಪ್ರವೇಶಿಸುವ ರೋಗಾಣುಗಳನ್ನು ಇಂತಹ ಕೋಶಗಳು ನುಂಗಿ ನಾಶಪಡಿಸುತ್ತವೆ ಎಂಬ ತತ್ವವು ಇದರಿಂದ ರೂಪುಗೊಂಡಿತು.

ಮತಾಂತರಕ್ಕೆ ಒಪ್ಪದ ಕಾರಣ ಹಾಫ್‌ಕಿನ್ ಅವರಿಗೆ ಸ್ವದೇಶದಲ್ಲಿ ಪ್ರಾಧ್ಯಾಪಕ ಹುದ್ದೆ ದೊರೆಯಲಿಲ್ಲ. 1889ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಗ್ರಂಥಾಲಯದ ಕೆಲಸಕ್ಕೆ ಸೇರಿದರು. ಅಲ್ಲಿಯೇ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, 1892ರ ಜುಲೈ 18ರಂದು ಮೊದಲು ತಮ್ಮ ದೇಹಕ್ಕೇ ಚುಚ್ಚಿಕೊಂಡರು.

ಭಾರತದಲ್ಲಿ ಸೇವೆ

1893ರಲ್ಲಿ ಭಾರತಕ್ಕೆ ಬಂದ ಅವರು ಸುಮಾರು ಎರಡೂವರೆ ವರ್ಷಗಳಲ್ಲಿ ನಲವತ್ತು ಸಾವಿರಕ್ಕೂ ಅಧಿಕ ಜನರಿಗೆ ಕಾಲರಾ ಲಸಿಕೆ ನೀಡಿದರು. ಪ್ಲೇಗ್ ಹಾವಳಿಯ ನಿಮಿತ್ತ 1896ರ ಅಕ್ಟೋಬರ್‌ನಲ್ಲಿ ಮುಂಬಯಿಗೆ ತೆರಳಿ, ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಯೋಗಾಲಯ ತೆರೆದರು. ಶಾಖದಿಂದ ಕೊಂದ ಪ್ಲೇಗ್ ರೋಗಾಣುಗಳಿಂದ ತಯಾರಿಸಿದ ಲಸಿಕೆಯನ್ನು 1897ರ ಜನವರಿ 10ರಂದು ಸ್ವತಃ ಪಡೆದುಕೊಂಡರು. ಅನಂತರ ಬೈಕುಲ್ಲಾ ಕಾರಾಗೃಹದಲ್ಲಿ ಪ್ರಯೋಗ ನಡೆಸಲಾಯಿತು. 1898ರಲ್ಲಿ ಹುಬ್ಬಳ್ಳಿ ಪಟ್ಟಣವೊಂದರಲ್ಲಿಯೇ ಮೂವತ್ತು ಸಾವಿರಕ್ಕೂ ಅಧಿಕ ಜನರಿಗೆ ಈ ಲಸಿಕೆ ಹಾಕಲಾಯಿತು.

ಪ್ಲೇಗ್ ರೋಗಾಣುಗಳು ತೊಡೆಸಂದು ಅಥವಾ ಕಂಕುಳಿನ ಗಂಟುಗಳನ್ನು ದಾಟಿ ರಕ್ತವನ್ನು ಸೇರಿದಾಗ ನಂಜು ದೇಹವನ್ನೆಲ್ಲ ವ್ಯಾಪಿಸುತ್ತದೆ. ಆಗ ರೋಗನಿರೋಧಕ ವ್ಯವಸ್ಥೆಯ ಪ್ರತಿಕ್ರಿಯೆಯೇ ಹತೋಟಿ ತಪ್ಪಿ ರಕ್ತದೊತ್ತಡ ಕುಸಿಯುತ್ತದೆ. ಮೂತ್ರಪಿಂಡ, ಶ್ವಾಸಕೋಶ ಮೊದಲಾದ ಅಂಗಗಳು ವಿಫಲವಾಗುತ್ತವೆ. ಇದನ್ನೇ ಸೆಪ್ಸಿಸ್ ಎನ್ನಲಾಗುತ್ತದೆ. ಸತ್ತ ರೋಗಾಣುಗಳ ಪರಿಚಯವನ್ನು ದೇಹಕ್ಕೆ ಮುಂಚಿತವಾಗಿ ಮಾಡಿಸಿ, ಈ ಹಂತ ತಲುಪದಂತೆ ತಡೆಯುವುದು ಲಸಿಕೆಯ ಉದ್ದೇಶವಾಗಿತ್ತು. ಲಸಿಕೆಯಿಂದ ಜ್ವರ ಮತ್ತು ನೋವು ಬರುತ್ತಿತ್ತು, ರಕ್ಷಣೆಯೂ ಪೂರ್ಣವಾಗಿರಲಿಲ್ಲ. ಆದರೂ ಲಸಿಕೆ ಪಡೆದವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು.

ಮುಲ್ಕೋವಾಲ್ ಪ್ರಕರಣ

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ 107 ಜನರಿಗೆ ಲಸಿಕೆ ನೀಡಲಾಯಿತು. ಇವರಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಜನರು ಧನುರ್ವಾಯುವಿಗೆ ತುತ್ತಾಗಿ ಮೃತಪಟ್ಟರು. ಕಾರ್ಬಾಲಿಕ್ ಆಮ್ಲದ ಬದಲು ಕೇವಲ ಶಾಖದಿಂದ ಶುದ್ಧೀಕರಿಸುವ ಕ್ರಮವನ್ನು ಹಾಫ್‌ಕಿನ್ ಅನುಸರಿಸಿದ್ದೇ ಕಾರಣವೆಂದು ವಿಚಾರಣಾ ಆಯೋಗವು ಅಭಿಪ್ರಾಯಪಟ್ಟಿತು. ಅವರು ಅಧಿಕಾರ ಕಳೆದುಕೊಂಡು ಭಾರತವನ್ನು ಬಿಡಬೇಕಾಯಿತು. ಆದರೆ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳವು ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಗೊಳಿಸದೆ ಬಳಸಲಾಗಿತ್ತು. ಧನುರ್ವಾಯುವಿನ ಬೀಜಾಣುಗಳು ಮಣ್ಣಿನಲ್ಲಿಯೇ ಇರುತ್ತವೆ. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವರ ಪರವಾಗಿ ನಿಂತರು. 1907ರಲ್ಲಿ ಅವರು ದೋಷಮುಕ್ತರಾದರು.

ಅದೇ ವರ್ಷ ಕಲ್ಕತ್ತೆಗೆ ಮರಳಿ ನಿವೃತ್ತಿಯವರೆಗೆ ಸೇವೆ ಸಲ್ಲಿಸಿದರು. ತಾವು ಕಟ್ಟಿದ ಮುಂಬಯಿ ಪ್ರಯೋಗಾಲಯದ ನಿರ್ದೇಶಕ ಸ್ಥಾನ ಮಾತ್ರ ಅವರಿಗೆ ಮರಳಿ ದೊರೆಯಲಿಲ್ಲ. 1925ರಲ್ಲಿ ಪರೇಲಿನ ಆ ಪ್ರಯೋಗಾಲಯಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಡಲಾಯಿತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಅವರು ನಿಧನರಾದರು.

ಸಾರ್ವಜನಿಕರ ಗಮನಕ್ಕೆ

ಮಣ್ಣು, ಸಗಣಿ ಅಥವಾ ತುಕ್ಕು ಹಿಡಿದ ಕಬ್ಬಿಣದಿಂದ ಗಾಯವಾದಲ್ಲಿ ಕೂಡಲೇ ನೀರು ಮತ್ತು ಸಾಬೂನಿನಿಂದ ತೊಳೆದು, ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಧನುರ್ವಾಯು ನಿರೋಧಕ ಚುಚ್ಚುಮದ್ದಿನ ಬಗ್ಗೆ ವಿಚಾರಿಸತಕ್ಕದ್ದು. ಒಮ್ಮೆ ಧನುರ್ವಾಯು ಬಂದು ಗುಣವಾದವರಿಗೂ ಲಸಿಕೆ ಅವಶ್ಯಕವಾಗಿರುತ್ತದೆ. ಗಾಯವಾದ ನಂತರ ತೀವ್ರ ಜ್ವರ ಅಥವಾ ಮೈ ತಣ್ಣಗಾಗುವುದು, ವೇಗದ ಉಸಿರಾಟ, ಮಂಕು ಕವಿಯುವುದು, ಮೂತ್ರ ಕಡಿಮೆಯಾಗುವುದು ಕಂಡುಬಂದಲ್ಲಿ ನಂಜೇರಿರುವ ಸಂಭವವಿರುತ್ತದೆ. ಅಂತಹ ಸಂದರ್ಭದಲ್ಲಿ ಮನೆಮದ್ದಿನಲ್ಲಿ ಕಾಲ ಕಳೆಯದೆ 108 ಸಂಖ್ಯೆಗೆ ಕರೆ ಮಾಡಿ ಆಸ್ಪತ್ರೆಗೆ ದಾಖಲಾಗುವುದು.