ಚಾಮರಾಜ ಒಡೆಯರ ಬೇಟೆಯೂ ಬೇಟೆಯ ಜೊತೆಗಾರರೂ

ಮೈಸೂರು ದೊರೆಯೊಬ್ಬರ ಚಿತೆ ಮೈಸೂರಿನಲ್ಲಿ ಉರಿಯಲಿಲ್ಲ, ದೂರದ ಬಂಗಾಳದಲ್ಲಿ ಉರಿಯಿತು. ಹತ್ತನೆಯ ಚಾಮರಾಜೇಂದ್ರ ಒಡೆಯರು 1894ನೇ ಇಸವಿ ಡಿಸೆಂಬರ್ 28ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಕಾಳಿಘಾಟಿನ ಕೇವಡಾತಲಾ ಎಂಬ ಮಸಣದಲ್ಲಿ, ಆದಿಗಂಗೆಯ ದಡದಲ್ಲಿ, ಅವರಿಗೆ ಸಂಸ್ಕಾರವಾಯಿತು. ಆಗ ಅವರಿಗೆ ಮೂವತ್ತೆರಡು ತುಂಬುವುದಕ್ಕೆ ಇನ್ನೂ ಎರಡು ತಿಂಗಳಿತ್ತು.

ಇವರ ವಿಷಯ ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲದೇ ಇಲ್ಲ. ಪ್ರಜಾಪ್ರತಿನಿಧಿ ಸಭೆ, ಮಹಾರಾಣಿ ಹೆಣ್ಣುಮಕ್ಕಳ ಶಾಲೆ, ಓರಿಯಂಟಲ್ ಲೈಬ್ರರಿ ಎಲ್ಲವನ್ನೂ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ನಾನು ಇಲ್ಲಿ ಹೇಳಹೊರಟಿರುವುದು ಬೇರೆ ಸಂಗತಿ. ಚಾಮರಾಜರು ಬೇಟೆಗಾರರೂ ಆಗಿದ್ದರು. ಒಬ್ಬ ದೊರೆಯನ್ನು ದರ್ಬಾರಿನಲ್ಲಿ ನೋಡುವುದು ಒಂದು ಬಗೆ, ಕಾಡಿನ ಕಾಲುದಾರಿಯಲ್ಲಿ ನೋಡುವುದು ಇನ್ನೊಂದು ಬಗೆ. ದರ್ಬಾರಿನಲ್ಲಿ ದೊರೆ ಮುಂದೆ, ಮಿಕ್ಕವರು ಹಿಂದೆ. ಕಾಡಿನಲ್ಲಿ ಹಾಗಲ್ಲ. ಅಲ್ಲಿ ಹೆಜ್ಜೆ ಬಲ್ಲವನು ಮುಂದೆ, ದೊರೆ ಅವನ ಹಿಂದೆ. ಆ ಮುಂದೆ ನಡೆದವರು ಯಾರು ಅನ್ನುವುದೇ ನನ್ನ ಪ್ರಶ್ನೆ.

ಚಾಮರಾಜರು ಹುಟ್ಟಿದ್ದು 1863ರ ಫೆಬ್ರವರಿ 22ರಂದು. ಅರಸಾಗಲೆಂದು ಹುಟ್ಟಿದವರಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಮಗಳ ಮಗ. ತಂದೆ ಬೆಟ್ಟದಕೋಟೆ ಮನೆತನದ ಚಿಕ್ಕ ಕೃಷ್ಣರಾಜೇ ಅರಸು. ರಾಜ್ಯವಾದರೂ 1831ರಿಂದ ಇಂಗ್ಲಿಷರ ಕೈಯಲ್ಲಿತ್ತು. ಮುದುಕರಾದ ಮುಮ್ಮಡಿಯವರು 1865ರಲ್ಲಿ ಈ ಎರಡು ವರ್ಷದ ಮಗುವನ್ನು ದತ್ತು ತೆಗೆದುಕೊಂಡರು. ದತ್ತುವನ್ನು ಒಪ್ಪಲು ಇಂಗ್ಲಿಷರು ಎರಡು ವರ್ಷ ಸತಾಯಿಸಿದರು. 1868ರಲ್ಲಿ ಮುಮ್ಮಡಿಯವರು ಕಣ್ಣುಮುಚ್ಚಿದಾಗ ಐದು ವರ್ಷದ ಹುಡುಗ ಸಿಂಹಾಸನದ ಮೇಲೆ ಕೂತ. ಕೂತದ್ದಷ್ಟೇ, ಆಳುವವರು ಕಮಿಷನರ್ ದೊರೆಗಳು.

ಹುಡುಗನನ್ನು ತಿದ್ದಲು 1869ರಲ್ಲಿ ಕರ್ನಲ್ ಮ್ಯಾಲಿಸನ್ ಬಂದ. 1857ರ ದಂಗೆಯ ಚರಿತ್ರೆ ಬರೆದವನೇ ಈತ. ಈತನ ಕಾಲದಲ್ಲಿ ಲೋಕರಂಜನ ಮಹಲಿನಲ್ಲಿ ಒಂದು ಶಾಲೆ ನಡೆಯಿತು. ದೊರೆಮಗನೊಬ್ಬನನ್ನೇ ಕೂರಿಸಿ ಪಾಠ ಹೇಳಲಿಲ್ಲ, ಅರಸು ಮನೆತನದ ಓರಗೆಯ ಹುಡುಗರನ್ನೂ ಸೇರಿಸಿದರು. ಬೆಳಿಗ್ಗೆ ಕುದುರೆ ಸವಾರಿ, ಆಮೇಲೆ ಪಾಠ, ಸಂಜೆ ಆಟ. ಈ ಹುಡುಗನಿಗೆ ಜೊತೆಯವರು ಅಂತ ಸಿಕ್ಕಿದ್ದು ಅಲ್ಲಿಯೇ. ಐದು ವರ್ಷಕ್ಕೇ ಎಲ್ಲರೂ ಕೈಮುಗಿಯುವಂತಾದ ಕೂಸಿಗೆ ಸಮಾನರು ಎಲ್ಲಿ ಸಿಗಬೇಕು ಹೇಳಿ? ಕುದುರೆಯ ಮೇಲೆ ಸಿಗುತ್ತಾರೆ, ಆಟದ ಬಯಲಿನಲ್ಲಿ ಸಿಗುತ್ತಾರೆ, ಬೇಟೆಯಲ್ಲಿ ಸಿಗುತ್ತಾರೆ. ಚಾಮರಾಜರು ದೊಡ್ಡವರಾದ ಮೇಲೂ ಸವಾರಿಯ ಹುಚ್ಚು, ಬೇಟೆಯ ಹುಚ್ಚು ಬಿಡಲಿಲ್ಲ. ಅದಕ್ಕೆ ಮೂಲ ಇಲ್ಲಿಯೇ ಇರಬೇಕೆಂದು ನನ್ನ ಊಹೆ.

ಅರಸನಿಗೂ ಬೇಟೆಗೂ ಇರುವ ನಂಟು ಕನ್ನಡ ಓದಿದ ನಮಗೆ ಹೊಸದಲ್ಲ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಬೇಟೆ ಇದೆ. ಕಾಡಿನಲ್ಲಿ ಜಿಂಕೆಯ ರೂಪದಲ್ಲಿದ್ದ ಮುನಿಯನ್ನು ಕೊಂದ ಪಾಂಡುವಿನ ಕಥೆಯನ್ನು ಅಜ್ಜಿಯರೇ ಹೇಳಿಬಿಡುತ್ತಾರೆ. ಕುಮಾರವ್ಯಾಸನ ಗದಾಪರ್ವದಲ್ಲಿ ಕೌರವ ಕೊಳದಲ್ಲಿ ಅಡಗಿರುವ ಸುದ್ದಿಯನ್ನು ಭೀಮನಿಗೆ ಮುಟ್ಟಿಸುವವರು ಬೇಡರು. ನೋಡಿ, ಅಷ್ಟು ದೊಡ್ಡ ಯುದ್ಧದ ಕೊನೆಯ ತಿರುವು ಯಾವ ಮಂತ್ರಿಯಿಂದಲೂ ಅಲ್ಲ, ಕಾಡಿನವರಿಂದ. ಆದರೆ ಅವರ ಹೆಸರೇನು? ನಮಗೆ ನೆನಪಿಲ್ಲ.

ಚಾಮರಾಜರ ಕಾಲದ ಮೈಸೂರು ಸೀಮೆ ಬೇಟೆಗಾರರಿಗೆ ಸ್ವರ್ಗವೇ ಆಗಿತ್ತು. ಬಯಲುಸೀಮೆಯ ಅಮೃತಮಹಲ್ ಕಾವಲುಗಳಲ್ಲಿ ಕೃಷ್ಣಮೃಗದ ಹಿಂಡು. ತೆಂಕಣ ಕಾಡುಗಳಲ್ಲಿ ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ. ಒಂದೊಂದಕ್ಕೂ ಒಂದೊಂದು ಉಪಾಯ. ಬಯಲಿನ ಕೃಷ್ಣಮೃಗ ಮನುಷ್ಯನ ನೆರಳು ಕಂಡರೆ ಓಡುತ್ತದೆ, ಎತ್ತಿನ ಗಾಡಿಗೆ ಮಾತ್ರ ಹೆದರುವುದಿಲ್ಲ, ದಿನಾ ನೋಡಿರುತ್ತದಲ್ಲ! ಅದಕ್ಕೇ ಗಾಡಿಯ ಮರೆಯಲ್ಲಿ ನಡೆದು ಹತ್ತಿರ ಹೋಗುವುದು ಬೇಟೆಗಾರರ ಹಳೆಯ ಹಂಚಿಕೆ. ಕಡವೆ ಹಾಗಲ್ಲ. ಅದು ಹಗಲೆಲ್ಲ ದಟ್ಟ ಕಾಡಿನಲ್ಲಿ ಮಲಗಿ ಕತ್ತಲಾದ ಮೇಲೆ ಮೇವಿಗೆ ಏಳುವ ಪ್ರಾಣಿ. ಅದನ್ನು ಕೋವಿಯ ಮುಂದೆ ತರಬೇಕಾದರೆ ಜನ ಸಾಲುಗಟ್ಟಿ, ಕೂಗುತ್ತ ತಮಟೆ ಬಡಿಯುತ್ತ ಕಾಡು ನುಗ್ಗಬೇಕು. ಮಲೆನಾಡಿನ ಕಡೆ ಇದಕ್ಕೆ ಹಳು ನುಗ್ಗುವುದು, ಸೋವುವುದು ಅಂತಾರೆ. ಕೋವಿ ಹಿಡಿದವರು ಮೊದಲೇ ಗೊತ್ತು ಮಾಡಿದ ಜಾಗದಲ್ಲಿ ಉಸಿರು ಬಿಗಿಹಿಡಿದು ಕಾಯುತ್ತಾರೆ.

ಹಾಗಾದರೆ ಬೇಟೆಯಾಡಿದವರು ಯಾರು? ಈಡು ಹೊಡೆದವರೋ, ಮುಳ್ಳು ಪೊದೆಗೆ ಮೈಕೊಟ್ಟು ಪ್ರಾಣಿಯನ್ನು ಎಬ್ಬಿಸಿದವರೋ? ಹಳ್ಳಿಯ ಬೇಟೆಯಲ್ಲಿ ಈ ಪ್ರಶ್ನೆಗೆ ಉತ್ತರ ಪಾಲಿನಲ್ಲಿತ್ತು. ಕೋವಿಯವನಿಗೆ ಒಂದು ಪಾಲು, ಹಳು ನುಗ್ಗಿದವನಿಗೆ ಒಂದು ಪಾಲು, ನಾಯಿಗೂ ಪಾಲು ಎಂದು ಹಳಬರು ಹೇಳುವುದನ್ನು ನೀವೂ ಕೇಳಿರಬಹುದು. ದೊರೆಗಳ ಬೇಟೆಯಲ್ಲಿ ಲೆಕ್ಕ ಬೇರೆ. ಕೊಂಬು ಗೋಡೆಗೆ, ಹೆಸರು ದೊರೆಗೆ.

ಚಾಮರಾಜನಗರದ ಸುತ್ತಲ ಕಾಡುಗಳಲ್ಲಿ ಅದೇ ಕಾಲಕ್ಕೆ ಸ್ಯಾಂಡರ್‌ಸನ್ ಎಂಬ ಇಂಗ್ಲಿಷ್ ಬೇಟೆಗಾರ ಇದ್ದ. ಕಾಲುವೆ ಇಲಾಖೆಯ ಅಧಿಕಾರಿ. 1874ರಲ್ಲಿ ಖೆಡ್ಡಾ ಮಾಡಿ ಆನೆ ಹಿಂಡನ್ನೇ ಹಿಡಿದು ಹೆಸರಾದವನು. 1878ರಲ್ಲಿ ಅವನು ಬರೆದ ಪುಸ್ತಕದಲ್ಲಿ ಕುರುಬರ ವಿಷಯ ಧಾರಾಳವಾಗಿ ಬರುತ್ತದೆ. ಮುರಿದ ಹುಲ್ಲುಕಡ್ಡಿ, ಕೆದಕಿದ ಮಣ್ಣು, ಇಷ್ಟೇ ನೋಡಿ ಪ್ರಾಣಿ ಯಾವಾಗ ಹೋಯಿತು, ಎತ್ತ ಹೋಯಿತು ಎಂದು ಹೇಳುವ ಅವರ ವಿದ್ಯೆ ಆ ದೊರೆಯನ್ನು ಬೆರಗಾಗಿಸಿತ್ತು.

ನಮ್ಮ ಮನೆ ಹೆಗ್ಗಡದೇವನಕೋಟೆ ಕಡೆಯದು. ನಮ್ಮಜ್ಜ ಕಾಕನಕೋಟೆಯ ಕೊನೆಯ ಖೆಡ್ಡಾದಲ್ಲಿ, ಅಂದರೆ 1971ರಲ್ಲಿ, ರಾತ್ರಿ ಬೆಂಕಿ ಕಾದವರು. ಅವರು ಆನೆಯ ಮಾತನ್ನು ಅಷ್ಟಾಗಿ ಆಡುತ್ತಿರಲಿಲ್ಲ. ಬೆಂಕಿಯ ಸುತ್ತ ಕೂತವರ ಮಾತನ್ನೇ ಆಡುತ್ತಿದ್ದರು. ಒಬ್ಬನ ಬೀಡಿ ಇನ್ನೊಬ್ಬನ ಬಾಯಿಗೆ, ಒಬ್ಬನ ಮುದ್ದೆ ಇನ್ನೊಬ್ಬನ ಕೈಗೆ. ಊರಿನಲ್ಲಿ ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟದ ಜನ, ಅಲ್ಲಿ ಒಂದೇ ಬೆಂಕಿಗೆ ಕೈ ಕಾಯಿಸಿದರಂತೆ. ಖೆಡ್ಡಾ ಮುಗಿದು ಊರಿಗೆ ಬಂದ ಮೇಲೆ ಮತ್ತೆ ಹಳೆಯ ಲೆಕ್ಕವೇ. ಅಜ್ಜನಿಗೆ ಅದು ಕೊನೆಯ ತನಕ ಅರ್ಥವಾಗದ ಸಂಗತಿಯಾಗಿತ್ತು.

ಮತ್ತೆ ದೊರೆಯ ಕಥೆಗೆ ಬರೋಣ. 1876ರಿಂದ 78ರ ತನಕ ಮೈಸೂರಿಗೆ ಘೋರ ಕ್ಷಾಮ. ಐವತ್ತು ಲಕ್ಷ ಜನರ ನಾಡಿನಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಜನ ಅಳಿದರು. 1881ರ ಮಾರ್ಚ್ 25ರಂದು ಹದಿನೆಂಟರ ಚಾಮರಾಜರ ಕೈಗೆ ರಾಜ್ಯ ಮರಳಿದಾಗ ಅದರ ಜೊತೆಗೆ ಎಂಬತ್ತು ಲಕ್ಷ ರೂಪಾಯಿ ಸಾಲವೂ ಬಂತು. ದಿವಾನ್ ರಂಗಾಚಾರ್ಲು ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಕರೆದರು. ಅವರ ನಂತರ 1883ರಲ್ಲಿ ಶೇಷಾದ್ರಿ ಅಯ್ಯರ್ ಬಂದರು. ರೈಲು ಹಾದಿ ಬೆಳೆಯಿತು, ಸಾಲ ತೀರಿತು. 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ನಿಲ್ಲಿಸುವ ಕಾನೂನೂ ಬಂತು. ಈ ಭಾಗ ನಿಮಗೆ ಗೊತ್ತಿರುವುದೇ, ಆದ್ದರಿಂದ ಬೇಗ ದಾಟುತ್ತೇನೆ.

ನಾನು ನಿಲ್ಲಬೇಕೆನ್ನುವುದು ಅರಮನೆಯ ನಾಟಕಶಾಲೆಯ ಮುಂದೆ. ಸಂಗೀತ ಸಾಹಿತ್ಯ ಎರಡರಲ್ಲೂ ರುಚಿಯಿದ್ದ ಈ ದೊರೆಯ ಆಶ್ರಯದಲ್ಲಿ ವೀಣೆ ಶೇಷಣ್ಣನವರಿದ್ದರು, ಬಸವಪ್ಪ ಶಾಸ್ತ್ರಿಗಳಿದ್ದರು. ಅರಮನೆಯ ನಾಟಕ ಮಂಡಳಿಗಾಗಿ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು, ಅಭಿನವ ಕಾಳಿದಾಸ ಅನ್ನಿಸಿಕೊಂಡರು. ಆ ನಾಟಕ ಶುರುವಾಗುವುದು ಹೇಗೆ? ದೊರೆಯೊಬ್ಬ ರಥವೇರಿ ಜಿಂಕೆಯ ಬೆನ್ನು ಹತ್ತಿ ಬರುತ್ತಾನೆ. ಬಾಣ ಹೂಡಿದ್ದಾನೆ. ಆಗ ಆಶ್ರಮದ ತಪಸ್ವಿಗಳು ಅಡ್ಡ ಬಂದು, ಇದು ಆಶ್ರಮದ ಮೃಗ, ಕೊಲ್ಲಬೇಡ ಎಂದು ತಡೆಯುತ್ತಾರೆ. ದೊರೆ ಬಾಣ ಇಳಿಸುತ್ತಾನೆ. ಮುಂದೆ ಅದೇ ನಾಟಕದಲ್ಲಿ ವಿದೂಷಕ, ಈ ಬೇಟೆಯ ಸಹವಾಸದಿಂದ ಮೈಕೈ ಹುಣ್ಣಾಯಿತೆಂದು ಗೋಳಾಡುತ್ತಾನೆ. ಬೇಟೆಯ ಹುಚ್ಚಿನ ದೊರೆ ತನ್ನದೇ ನಾಟಕಶಾಲೆಯಲ್ಲಿ ಕೂತು ಇದನ್ನು ನೋಡುವಾಗ ಮನಸ್ಸಿಗೆ ಏನು ಬಂದಿತ್ತು? ಯಾರೂ ಬರೆದಿಟ್ಟಿಲ್ಲ. ಆದರೆ ಆ ಸಭೆಯನ್ನು ಕಲ್ಪಿಸಿಕೊಳ್ಳದೆ ಇರಲು ನನಗೆ ಆಗುವುದಿಲ್ಲ.

1889ರ ನವೆಂಬರಿನಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದ. ಲಾಲ್‌ಬಾಗಿನ ಗಾಜಿನ ಮನೆಗೆ ಕಲ್ಲು ಹಾಕಿದ್ದು ಅವನೇ. ಅವನಿಗಾಗಿ ಖೆಡ್ಡಾ ಏರ್ಪಾಡಾಯಿತು. ದೊರೆಗಳೂ ದೊರೆಸಾನಿಯರೂ ಅಟ್ಟಣೆಯ ಮೇಲೆ, ಕುರುಬರು ಕಾಡಿನೊಳಗೆ. ಇಂಥ ಕಡೆ ಬೇಟೆಯ ಗೆಳೆತನ ಅನ್ನುವುದು ಎಷ್ಟು ನಿಜ, ಎಷ್ಟು ಸುಳ್ಳು? ಪೂರಾ ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಕಾಡಿನಲ್ಲಿ ಆನೆ ತಿರುಗಿ ಬಿದ್ದರೆ ದೊರೆಯ ಜೀವ ಕಾಯುವುದು ಬಿರುದುಬಾವಲಿ ಅಲ್ಲ, ಪಕ್ಕದಲ್ಲಿರುವವನ ಕಣ್ಣು. ಆ ಹೊತ್ತಿನ ನಂಬಿಕೆ ನಿಜವಾದದ್ದೇ. ಸುಳ್ಳಾಗುವುದು ಊರಿಗೆ ಮರಳಿದ ಮೇಲೆ.

ಆತಕೂರಿನ ಶಾಸನವನ್ನು ನೀವು ಓದಿದ್ದೀರಿ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ ಬೇಡಿದ್ದು ಕೊಡುತ್ತೇನೆಂದಾಗ ಅವನು ಕೇಳಿದ್ದು ಒಂದು ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಆ ನಾಯಿ ದೊಡ್ಡ ಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಸತ್ತವು. ಅದರ ನೆನಪಿಗೆ ಕ್ರಿ.ಶ. 949-50ರಲ್ಲಿ ಕಲ್ಲು ನಿಲ್ಲಿಸಿದರು, ಭೂಮಿಯನ್ನೂ ಬಿಟ್ಟರು. ಸಾವಿರ ವರ್ಷದ ಹಿಂದೆ ಒಂದು ಬೇಟೆನಾಯಿಯ ಹೆಸರು ಕಲ್ಲಿಗೇರಿತು. ಚಾಮರಾಜರ ಮುಂದೆ ನಡೆದ ಕುರುಬರ ಹೆಸರಿನ ಕಲ್ಲು ಎಲ್ಲಿದೆ?

1892ರಲ್ಲಿ ಚಾಮರಾಜರು ಮೈಸೂರಿನಲ್ಲಿ ಮೃಗಾಲಯ ಶುರು ಮಾಡಿಸಿದರು. ಇಂದಿಗೂ ಅದು ಅವರ ಹೆಸರಿನಲ್ಲೇ ಇದೆ. ಬೇಟೆಯಾಡಿದ ಕೈಯೇ ಮೃಗಗಳಿಗೆ ಮನೆ ಕಟ್ಟಿತು ಎಂದು ಹೊಗಳುವುದು ಸುಲಭ, ಆ ಕಾಲದ ದೊರೆಗಳಿಗೆ ಎರಡೂ ಒಂದೇ ಪ್ರೀತಿಯ ಎರಡು ಮುಖ ಎನ್ನುವುದು ಹೆಚ್ಚು ನಿಜ. ಅದೇ ವರ್ಷ ಕಲ್ಕತ್ತೆಯ ತರುಣ ಸಂನ್ಯಾಸಿ ವಿವೇಕಾನಂದರು ಅರಮನೆಯ ಅತಿಥಿಯಾಗಿ ಬಂದುಹೋದರು. ಎರಡು ವರ್ಷ ಕಳೆದು ಚಾಮರಾಜರು ಕಲ್ಕತ್ತೆಗೆ ಹೋದಾಗ ಆ ಸಂನ್ಯಾಸಿ ಅಮೆರಿಕದಲ್ಲಿದ್ದರು.

ಕಲ್ಕತ್ತೆಯಲ್ಲಿ ದೊರೆಗೆ ಗಂಟಲಮಾರಿ, ಅಂದರೆ ಡಿಫ್ತೀರಿಯಾ, ತಗಲಿತು. ಅದಕ್ಕೆ ಮದ್ದು ಯುರೋಪಿನಲ್ಲಿ ಬಳಕೆಗೆ ಬರುತ್ತಿದ್ದುದು ಅದೇ 1894ರಲ್ಲಿ! ಈ ದೊರೆಗೆ ಅದು ಒದಗಲಿಲ್ಲ.

ಕೆಲವು ವರ್ಷದ ಹಿಂದೆ ಕೆಲಸದ ಮೇಲೆ ಕಲ್ಕತ್ತೆಗೆ ಹೋದಾಗ ಕಾಳಿಘಾಟಿಗೆ ಹೋಗಿದ್ದೆ. ಗುಡಿಯ ಮುಂದೆ ಕೆಂಪು ದಾಸವಾಳದ ಹಾರಗಳ ಅಂಗಡಿ ಸಾಲು, ಬಲಿಗೆ ತಂದ ಆಡುಮರಿ, ಹಿಂದೆ ಆದಿಗಂಗೆ. ಗಂಗೆ ಎಂದರೆ ಈಗ ಕಪ್ಪು ನೀರಿನ ಸಣ್ಣ ಕಾಲುವೆ. ಅಲ್ಲಿಂದ ತೆಂಕಣಕ್ಕೆ ನಡೆದರೆ ಕೇವಡಾತಲಾ ಮಸಣ. ದೇಶಬಂಧು ಚಿತ್ತರಂಜನ ದಾಸರ ಸಮಾಧಿಯೂ ಅಲ್ಲಿಯೇ. ಅದರ ಬದಿಗೆ ನಮ್ಮ ದೊರೆಯ ನೆನಪಿಗೆ ಮೈಸೂರಿನವರು ಕಟ್ಟಿಸಿದ ಕಟ್ಟಡವಿದೆ. ಬಂಗಾಳದ ನಡುವೆ ನಮ್ಮ ಕಡೆಯ ಗೋಪುರದ ಮಾದರಿ ಕಂಡು ಕಣ್ಣು ತಂಪಾಯಿತು. ಹಿಂದೆ ಕಾಳಿಘಾಟಿನ ಪಟುವರು ಯಾತ್ರಿಕರಿಗೆ ಕಾಸಿಗೊಂದರಂತೆ ಚಿತ್ರ ಬರೆದು ಮಾರುತ್ತಿದ್ದರು. ಅವುಗಳಲ್ಲಿ ಆನೆಯ ಮೇಲೆ ಕೂತು ಹುಲಿಗೆ ಗುರಿಯಿಡುವ ಸಾಹೇಬನೂ ಇದ್ದಾನೆ. ಆ ಚಿತ್ರದಲ್ಲೂ ಕಾಡು ನುಗ್ಗಿದವರು ಕಾಣುವುದಿಲ್ಲ.

ದೊರೆ ತೀರಿಕೊಂಡಾಗ ಮಗ ಕೃಷ್ಣರಾಜರಿಗೆ ಹತ್ತು ವರ್ಷ. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು 1902ರವರೆಗೆ ರಾಜ್ಯ ನಡೆಸಿದರು. ಚಾಮರಾಜರು ಬೆಳೆದ ಮರದ ಅರಮನೆ 1897ರಲ್ಲಿ, ಮಗಳ ಮದುವೆಯ ಸಮಯದಲ್ಲೇ, ಸುಟ್ಟುಹೋಯಿತು. ಬೇಟೆಯ ಕಾಡುಗಳು ಮಾತ್ರ ಉಳಿದವು. ಬಂಡೀಪುರದ ಒಂದು ಭಾಗ 1931ರಲ್ಲಿ ಮೃಗರಕ್ಷಣೆಗೆ ಮೀಸಲಾಯಿತು, 1941ರಲ್ಲಿ ವೇಣುಗೋಪಾಲ ವನ್ಯಮೃಗ ಉದ್ಯಾನವಾಯಿತು. 1972ರ ಕಾಯಿದೆ ಬೇಟೆಯನ್ನೇ ನಿಲ್ಲಿಸಿತು. ಅದು ಸರಿಯೇ. ಇವತ್ತು ಚುಕ್ಕೆ ಜಿಂಕೆ ರಸ್ತೆ ಬದಿಯಲ್ಲೇ ಮೇಯುವುದನ್ನು ನೋಡುತ್ತೇವಲ್ಲ, ಅದು ಈ ಕಾಯಿದೆಯ ಪುಣ್ಯ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಹಳೆಯ ಕಾಕನಕೋಟೆ ನೀರಿನಡಿ ಹೋಯಿತು.

ಆದರೆ ದೊರೆಯ ಬೇಟೆಕಾಡು ಸರ್ಕಾರದ ರಕ್ಷಿತ ಕಾಡಾದಾಗ ಹೊರಗೆ ಹೋದವರು ಯಾರು? ದೊರೆಗೆ ದಾರಿ ತೋರಿದ ಜೇನುಕುರುಬರು, ಬೆಟ್ಟಕುರುಬರು. ಜಿಂಕೆಗೆ ಜಾಗ ಸಿಕ್ಕಿತು, ಜಿಂಕೆಯ ಹೆಜ್ಜೆ ಬಲ್ಲವನಿಗೆ ಸಿಕ್ಕಲಿಲ್ಲ. 2006ರಲ್ಲಿ ಅರಣ್ಯ ಹಕ್ಕಿನ ಕಾಯಿದೆ ಬಂದ ಮೇಲೂ ಅವರ ಅರ್ಜಿಗಳು ಕಚೇರಿಯಿಂದ ಕಚೇರಿಗೆ ಅಲೆಯುತ್ತಿವೆ.

ಗೆಳೆಯರೇ, ನಮ್ಮಲ್ಲಿ ಕೋಟೆ, ಗುಂಡ್ಲುಪೇಟೆ, ಚಾಮರಾಜನಗರದ ಕಡೆಯಿಂದ ಬಂದವರು ಬಹಳ ಮಂದಿ ಇದ್ದೀರಿ. ಈ ರಜೆಗೆ ಊರಿಗೆ ಹೋದಾಗ ಹಾಡಿಯ ಹಿರಿಯರನ್ನು ಕೇಳಿ. ಖೆಡ್ಡಾದಲ್ಲಿ ಇದ್ದವರು ಯಾರು, ಅವರ ಅಪ್ಪ ಯಾರು, ಅಜ್ಜ ಯಾರು, ಯಾವ ಕಾಡಿನಲ್ಲಿ ಯಾವ ದೊರೆಯ ಮುಂದೆ ನಡೆದರು ಎಂದು ಕೇಳಿ ಬರೆದುಕೊಂಡು ಬನ್ನಿ. ನಮ್ಮ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಅದಕ್ಕೆಂದೇ ಬಿಡೋಣ. ಮಣಲೇರನ ಕಾಳಿಗೆ ಕಲ್ಲು ಸಿಕ್ಕಿದೆ, ಇವರಿಗೆ ಸದ್ಯಕ್ಕೆ ಕಾಗದವಾದರೂ ಸಿಗಲಿ.