ಕಿರುಹಳಿಯ ಕ್ಯಾಲ್‌ಥ್ರಾಪ್

ಕಳೆದ ವರ್ಷ ಆಟಿ ತಿಂಗಳ ಮಳೆಯಲ್ಲಿ ಹೊರಗೆ ಕಾಲಿಡಲಾಗದೆ, ಮನೆಯ ಚಾವಡಿಯಲ್ಲಿ ಕುಳಿತು ನಾನೊಂದು ಪುಟ್ಟ ರೈಲು ಡಬ್ಬಿಯನ್ನು ಮಾಡತೊಡಗಿದೆನು. ಅಡಿಗೆ ಒಂದು ಅಂಗುಲದ ಲೆಕ್ಕ. ಹಳಿಗಳ ನಡುವೆ ಎರಡೂವರೆ ಅಂಗುಲ. ಡಬ್ಬಿ ನೋಡಲು ಅಂದವಾಗಿಯೇ ಇತ್ತು. ಆದರೆ ತಿರುವಿಗೆ ಬಂದೊಡನೆ ಮುಂದಿನ ಚಕ್ರ ಹಳಿಯನ್ನೇರಿ ಮಗುಚಿ ಬೀಳುತ್ತಿತ್ತು. ತೂಕವೆಲ್ಲ ಹಿಂದಿನ ಅಚ್ಚಿನ ಮೇಲೆಯೇ ಕುಳಿತಿದೆಯೆಂದು ತಿಳಿಯಲು ನನಗೆ ಎರಡು ವಾರ ಬೇಕಾಯಿತು. ಈ ತೂಕದ ಲೆಕ್ಕವನ್ನೇ ಹಿಡಿದು ನಿಜವಾದ ರೈಲನ್ನು ಕಟ್ಟಿದ ಪುಣ್ಯಾತ್ಮನೊಬ್ಬನಿದ್ದನೆಂದು ಆಮೇಲೆ ಓದಿದೆನು. ಆತನೇ ಎವೆರಾರ್ಡ್ ರಿಚರ್ಡ್ ಕ್ಯಾಲ್‌ಥ್ರಾಪ್.

1857ರಲ್ಲಿ ಇಂಗ್ಲೆಂಡಿನ ಲಿಂಕನ್‌ಷೈರಿನ ಒಕ್ಕಲು ಮನೆತನದಲ್ಲಿ ಹುಟ್ಟಿದ ಈತನು ಕ್ರೂ ಪಟ್ಟಣದ ರೈಲು ಕಾರ್ಖಾನೆಯಲ್ಲಿ ಕೆಲಸ ಕಲಿತು, 1882ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ನೌಕರಿಗೆಂದು ಭಾರತಕ್ಕೆ ಬಂದನು. ಕನ್ನಡದ ಮಾತು ಇಂದಿಗೂ ಕೇಳಿಬರುವ ಸೊಲ್ಲಾಪುರ ಜಿಲ್ಲೆಯಲ್ಲಿ ಬಾರ್ಶಿಯೆಂಬ ವ್ಯಾಪಾರದ ಊರುಂಟು. ದೊಡ್ಡ ರೈಲುದಾರಿ ಅಲ್ಲಿಂದ ಇಪ್ಪತ್ತು ಮೈಲಿಗೂ ದೂರ. ಆ ಊರಿಗೆ ಎರಡೂವರೆ ಅಡಿಯ ಕಿರುಹಳಿ ಹಾಕಬೇಕೆಂಬ ಹಂಬಲ ಈತನನ್ನು ಹಿಡಿಯಿತು.

ಕಿರುಹಳಿಯೆಂದರೆ ಮಕ್ಕಳಾಟಿಕೆಯೆಂದು ಮೂಗು ಮುರಿಯುವವರು ಆಗಲೂ ಇದ್ದರು. (ಕದ್ರಿ ಉದ್ಯಾನದ ಪುಟಾಣಿ ರೈಲನ್ನಷ್ಟೇ ಕಂಡ ನಾನೂ ಅವರಲ್ಲೊಬ್ಬನೇ ಆಗಿದ್ದೆನು.) ಕ್ಯಾಲ್‌ಥ್ರಾಪನ ವಿಚಾರ ಬೇರೆ. ಎಂಜಿನ್ನಾಗಲಿ ಗಾಡಿಯಾಗಲಿ, ಪ್ರತಿಯೊಂದು ಅಚ್ಚಿನ ಮೇಲೂ ಐದು ಟನ್ನಿಗಿಂತ ಹೆಚ್ಚು ಭಾರ ಬೀಳಕೂಡದು. ಹಾಗಾದರೆ ಗಜಕ್ಕೆ 30 ಪೌಂಡು ತೂಗುವ ಹಗುರ ಹಳಿಯೇ ಸಾಕು, ಖರ್ಚೂ ಕಡಿಮೆ. ಡಬ್ಬಿಗಳ ಚೌಕಟ್ಟನ್ನು ಅಚ್ಚೊತ್ತಿದ ಉಕ್ಕಿನಿಂದ ಮಾಡಿಸಿದನು. ಗಾಡಿಯ ಸ್ವಂತ ತೂಕ ಇಳಿದಷ್ಟೂ ಸರಕು ಹೆಚ್ಚು ಹಿಡಿಯುತ್ತದೆಯಲ್ಲವೆ? 1894ರಲ್ಲಿ ಲೀಡ್ಸ್ ಬಳಿಯ ನ್ಯೂಲೇಯಲ್ಲಿ ಪರೀಕ್ಷೆಯ ಹಳಿ ಹಾಕಿ, ಈ ಗಾಡಿಗಳನ್ನು ಓಡಿಸಿ ತೋರಿಸಿದನು. ಮರುವರ್ಷ ಕಂಪೆನಿ ಹುಟ್ಟಿತು. 1897ರಲ್ಲಿ ಬಾರ್ಶಿಗೆ ರೈಲು ಬಂದಿತು.

1906ರಲ್ಲಿ ಅದು ಪಂಢರಪುರವನ್ನು ಮುಟ್ಟಿತು. ನಮ್ಮ ಹರಿದಾಸರು ಹಾಡಿದ ವಿಠಲನ ಸನ್ನಿಧಿಗೆ ಈ ಕಿರುಹಳಿ ಎಷ್ಟು ಯಾತ್ರಿಕರನ್ನು ಹೊತ್ತಿತೋ! 1911ರಲ್ಲಿ ಲಾತೂರು, 1927ರಲ್ಲಿ ಮಿರಜ. ಇತ್ತ ಇಂಗ್ಲೆಂಡಿನಲ್ಲಿ 1904ರಲ್ಲಿ ತೆರೆದ ಲೀಕ್ ಮತ್ತು ಮ್ಯಾನಿಫೋಲ್ಡ್ ಕಿರುಹಳಿಗೂ ಈತನೇ ಎಂಜಿನಿಯರು. ಅಲ್ಲಿ ದೊಡ್ಡ ಹಳಿಯ ಗಾಡಿಯನ್ನು ಸರಕಿನ ಸಮೇತ ಕಿರುಹಳಿಯ ಗಾಡಿಯ ಮೇಲೆಯೇ ಏರಿಸಿ ಸಾಗಿಸುವ ಏರ್ಪಾಡು ಮಾಡಿದ್ದನು. ಕೂಸುಮರಿ ಹೊತ್ತಂತೆ!

ಇಷ್ಟಕ್ಕೇ ನಿಂತಿದ್ದರೆ ಹಾಯಾಗಿರುತ್ತಿದ್ದನೇನೋ. 1910ರ ಜುಲೈಯಲ್ಲಿ ಆತನ ಗೆಳೆಯ ಚಾರ್ಲ್ಸ್ ರೋಲ್ಸ್ ಬೋರ್ನ್‌ಮತ್‌ನಲ್ಲಿ ವಿಮಾನ ಮುರಿದು ಬಿದ್ದು ಸತ್ತನು. ಅಂದಿನಿಂದ ಕ್ಯಾಲ್‌ಥ್ರಾಪನಿಗೆ ಒಂದೇ ಧ್ಯಾನ: ಬೀಳುವವನನ್ನು ಬದುಕಿಸುವ ಧುಮುಕುಕೊಡೆ. ಸ್ವಂತ ಹಣ ಸುರಿದು ‘ಗಾರ್ಡಿಯನ್ ಏಂಜೆಲ್’ ಎಂಬ ಕೊಡೆಯನ್ನು ಸಿದ್ಧಪಡಿಸಿದನು. ಮೊದಲನೆಯ ಮಹಾಯುದ್ಧ ನಡೆದಷ್ಟು ಕಾಲವೂ ಬ್ರಿಟಿಷ್ ಅಧಿಕಾರಿಗಳು ಅದನ್ನು ತಮ್ಮ ವಿಮಾನ ಚಾಲಕರಿಗೆ ಕೊಡಲೇ ಇಲ್ಲ. ಉರಿಯುವ ವಿಮಾನಗಳೊಡನೆ ಎಳೆಯ ಹುಡುಗರು ನೆಲಕ್ಕೆ ಬೀಳುತ್ತಲೇ ಇದ್ದರು. ಗಾಡಿಯ ಲೆಕ್ಕವನ್ನು ಒಪ್ಪಿದ ಜನ ಕೊಡೆಯ ಲೆಕ್ಕವನ್ನೇಕೆ ಒಪ್ಪಲಿಲ್ಲವೋ, ನನಗಂತೂ ಇದನ್ನು ಓದುವಾಗ ಸಿಟ್ಟೇ ಬಂದಿತು.

ಮಿರಜಕ್ಕೆ ಕಿರುಹಳಿ ಮುಟ್ಟಿದ 1927ನೆಯ ವರ್ಷದ ಮಾರ್ಚಿಯಲ್ಲೇ ಆತನು ತೀರಿಕೊಂಡನು. ಬಾರ್ಶಿಯ ದಾರಿಯನ್ನು 1954ರಲ್ಲಿ ಸರಕಾರ ವಹಿಸಿಕೊಂಡಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದು ಹಂತಹಂತವಾಗಿ ಅಗಲ ಹಳಿಯಾಯಿತು.

ಬಂದರಿನಿಂದ ತಂದ ಬಲೆಯ ಸೀಸದ ಗುಂಡುಗಳನ್ನು ನನ್ನ ಡಬ್ಬಿಯ ನಾಲ್ಕು ಅಚ್ಚುಗಳಿಗೂ ಸಮನಾಗಿ ಹಂಚಿದ್ದೇನೆ. ಈಗ ತಿರುವು ದಾಟುತ್ತದೆ. ಕಡಲ ಗಾಳಿಗೆ ಚಕ್ರಗಳು ಬೇಗ ತುಕ್ಕು ಹಿಡಿಯುವುದರಿಂದ ವಾರಕ್ಕೊಮ್ಮೆ ಒರೆಸಿ ಎಣ್ಣೆ ಬಿಡಬೇಕು. ಹೊಲಿಗೆ ಯಂತ್ರದ ಎಣ್ಣೆ ಎಲ್ಲಿ ಹೋಯಿತೆಂದು ಅಮ್ಮ ಇನ್ನೂ ಹುಡುಕುತ್ತಿದ್ದಾರೆ.